ಕ್ಯಾತ್ಸಂದ್ರಕ್ಕೆ ಒಂದು ಟಿಕೆಟ್

ನಮ್ಮ ಕಡೆ ಎದೆ ಉರಿದರೂ, ತಲೆ ತಿರುಗಿದರೂ, ಕೈಕಾಲು ಜೋಮು ಹಿಡಿದರೂ ಎಲ್ಲದಕ್ಕೂ ಒಂದೇ ಹೆಸರು: ಗ್ಯಾಸ್ಟ್ರಿಕ್. ನನಗೂ ಸುಮಾರು ಒಂಬತ್ತು ತಿಂಗಳು ಗ್ಯಾಸ್ಟ್ರಿಕ್ಕೇ ಆಗಿತ್ತು. ಜೀರಿಗೆ ಕಷಾಯ ಕುಡಿದೆ, ಈನೋ ಕುಡಿದೆ, ಖಾಲಿ ಹೊಟ್ಟೆಗೆ ನುಂಗುವ ಮಾತ್ರೆಯನ್ನು ಎರಡು ಸಲ ಬದಲಾಯಿಸಿದೆ. ಉದ್ದಿನ ವಡೆ ಬಿಟ್ಟೆ. ಸೊಗಡವರೆ ಬರುವ ಕಾಲದಲ್ಲಿ ಅವರೆಕಾಳು ಸಾರನ್ನೂ ಬಿಟ್ಟೆ. ತುಮಕೂರಿನವನೊಬ್ಬ ಅವರೆಕಾಳು ಬಿಟ್ಟಿದ್ದಾನೆ ಅಂದರೆ ಅವನಿಗೆ ಎಷ್ಟು ಹೆದರಿಕೆ ಆಗಿರಬೇಕು, ನೀವೇ ಲೆಕ್ಕ ಹಾಕಿ.

ನಾನು ಮಲ್ಲೇಶ್ವರದ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಮನೆ ತುಮಕೂರು. 14 ವರ್ಷದಿಂದ ದಿನಾ ರೈಲಲ್ಲಿ ಹೋಗಿ ಬರುವವನು. ಹೋಗೋದು 70 ಕಿಲೋಮೀಟರ್, ಬರೋದು 70. ನಮ್ಮ ಬೋಗಿಯಲ್ಲಿ ಒಂದು ಇಸ್ಪೀಟ್ ಗುಂಪಿದೆ. ಮೊಣಕಾಲ ಮೇಲೆ ಬ್ರೀಫ್‌ಕೇಸ್ ಇಟ್ಟುಕೊಂಡು ಹಿರೇಹಳ್ಳಿಯಿಂದ ಶುರು ಮಾಡಿದರೆ ಯಶವಂತಪುರಕ್ಕೆ ಆಟ ಮುಗಿಯಬೇಕು. ಅದರ ಹಿರಿಯರನ್ನು ನಾವೆಲ್ಲ ಮೇಷ್ಟ್ರು ಅಂತ ಕರೆಯುತ್ತೇವೆ. ಅವರು ಯಾವತ್ತೂ ಮೇಷ್ಟ್ರ ಕೆಲಸ ಮಾಡಿದವರಲ್ಲ, ಆದರೆ ಆಟದಲ್ಲಿ ತಪ್ಪು ಮಾಡಿದರೆ ಹಾಗೇ ಬೈಯುತ್ತಾರೆ.

2023ರ ಫೆಬ್ರವರಿಯ ಒಂದು ಬೆಳಿಗ್ಗೆ. ಚಿಕ್ಕಬಾಣಾವರ ದಾಟಿ ಯಶವಂತಪುರ ಇನ್ನೇನು ಬಂತು ಅನ್ನುವಾಗ ರೈಲು ಔಟರ್‌ನಲ್ಲಿ, ಅಂದರೆ ಸ್ಟೇಷನ್ ಹೊರಗಿನ ಸಿಗ್ನಲ್ ಹತ್ತಿರ, ನಿಂತಿತು. ಇದೇನು ಹೊಸದಲ್ಲ. ಅವತ್ತು ಮಾತ್ರ ಎದೆ ಇದ್ದಕ್ಕಿದ್ದ ಹಾಗೆ ಡವಡವ ಅನ್ನಲು ಶುರುವಾಯಿತು. ಅಂಗೈ ಬೆವೆತಿತು. ಬೆರಳ ತುದಿ ಜುಮುಜುಮು ಅಂದಿತು, ತುಟಿಯ ಸುತ್ತ ಮರಗಟ್ಟಿದ ಹಾಗಾಯಿತು. ಎಷ್ಟು ಎಳೆದುಕೊಂಡರೂ ಉಸಿರು ಸಾಲದು. ಸುತ್ತ ಜನ ಮಾತಾಡುತ್ತಿರೋದು ಯಾವುದೋ ದೂರದ ರೇಡಿಯೋದಲ್ಲಿ ಕೇಳಿದ ಹಾಗಿತ್ತು. ಸಾಯುತ್ತಿದ್ದೇನೆ ಅನ್ನೋದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮೇಷ್ಟ್ರು ಎಲೆ ಕೆಳಗಿಟ್ಟು ನನ್ನ ಶರ್ಟಿನ ಗುಂಡಿ ಬಿಚ್ಚಿದರು. "ಗ್ಯಾಸ್ಟ್ರಿಕ್ ಕಣಯ್ಯ, ತಿಂಡಿ ತಿಂದಿಲ್ವಾ?" ಅಂದರು.

ಯಶವಂತಪುರದಲ್ಲಿ ಇಳಿಸಿ ಆಟೋದಲ್ಲಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ, ರಕ್ತ ಪರೀಕ್ಷೆ, ಎಕೋ, ಆಮೇಲೆ ಒಂದು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸುವ ಟೆಸ್ಟ್. ಎಲ್ಲ ನಾರ್ಮಲ್. ಇಲ್ಲಿಯವರೆಗೆ ನಡೆದಿದ್ದರಲ್ಲಿ ತಪ್ಪೇನಿಲ್ಲ, ಎದೆನೋವು ಅಂದರೆ ಮೊದಲು ಹೃದಯವನ್ನೇ ನೋಡಿಸಬೇಕು. ಮುಂದಿನದ್ದೇ ಯಡವಟ್ಟು. ಡಾಕ್ಟರ್ ಫೈಲ್ ಮುಚ್ಚಿ, "ಹಾರ್ಟ್ ಫಸ್ಟ್ ಕ್ಲಾಸ್ ಆಗಿದೆ. ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂದರು. ಮಳೆಯಲ್ಲಿ ನಿಂತವನಿಗೆ ನೆನೀಬೇಡ ಅಂದ ಹಾಗೆ.

ಹನ್ನೆರಡು ದಿನಕ್ಕೆ ಮತ್ತೆ ಬಂತು. ಅದೇ ಔಟರ್. ಆಮೇಲೆ ದಾಬಸ್‌ಪೇಟೆ ಹತ್ತಿರ ರೈಲು ಚೆನ್ನಾಗಿ ಓಡುತ್ತಿರುವಾಗಲೇ ಬಂತು. ನಾನು ರೈಲು ಬಿಟ್ಟು ಬಸ್ ಹಿಡಿದೆ. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಬಸ್ ನಿಂತಾಗ ಅಲ್ಲೂ ಬಂತು. ಬಸ್ ಬಿಟ್ಟು ಪರಿಚಯದವರ ಕಾರಿನಲ್ಲಿ ಹೋದೆ, ಕಾರಿನ ಕಿಟಕಿ ಇಳಿಸಿಕೊಂಡೇ ಕೂರುತ್ತಿದ್ದೆ. ಆಮೇಲೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡುತ್ತೇನೆ ಅಂತ ಕೇಳಿಕೊಂಡೆ. ಅಕ್ಟೋಬರ್ ಹೊತ್ತಿಗೆ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂರಲೂ ಆಗದ ಸ್ಥಿತಿಗೆ ಬಂದಿದ್ದೆ. ಕೂದಲು ಕಿವಿ ಮುಚ್ಚಿತ್ತು. ಅಮ್ಮ ಅದನ್ನು ಹರಕೆ ಅಂದುಕೊಂಡು ಖುಷಿಯಾಗಿದ್ದರು.

ಈ ಒಂಬತ್ತು ತಿಂಗಳಲ್ಲಿ ನನ್ನ ಜೊತೆ ಒಂದು ಸಾಮಾನು ಯಾವಾಗಲೂ ಇರುತ್ತಿತ್ತು. ಆಕ್ಸಿಮೀಟರ್. ಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್ ಎಷ್ಟು, ನಾಡಿ ಎಷ್ಟು ಅಂತ ತೋರಿಸುವುದು. 2021ರಲ್ಲಿ ಕೋವಿಡ್ ಸಮಯದಲ್ಲಿ ಎಲ್ಲರ ಮನೆಗೂ ಬಂತಲ್ಲ, ಅದೇ. ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡಿದ್ದೆ. ಸ್ವಲ್ಪ ಎದೆ ಹೊಡೆದುಕೊಂಡರೆ ಬೆರಳಿಗೆ ಹಾಕುತ್ತಿದ್ದೆ. 98 ಬಂದರೆ ಹತ್ತು ನಿಮಿಷ ನೆಮ್ಮದಿ. ಒಂದೊಂದು ಸಲ 93 ಬರುತ್ತಿತ್ತು. ಕೈ ತಣ್ಣಗಾಗಿದ್ದರೆ ಆ ಯಂತ್ರ ತಪ್ಪು ತೋರಿಸುತ್ತದೆ, ಗಾಬರಿಯಾದಾಗ ಕೈ ತಣ್ಣಗೇ ಆಗುತ್ತದೆ. ಇದು ಆಗ ನನಗೆ ಗೊತ್ತಿರಲಿಲ್ಲ. 93 ನೋಡಿದ ತಕ್ಷಣ ಜೀವ ಬಾಯಿಗೆ ಬರುತ್ತಿತ್ತು.

ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದರು. ಘಾಟು ಬರಲಿಲ್ಲ, ಹಾಗಾಗಿ ದೊಡ್ಡ ದೃಷ್ಟಿಯೇ ಅಂತ ತೀರ್ಮಾನವಾಯಿತು. ನೆಂಟರೊಬ್ಬರು ಬೆಂಗಳೂರಿನ ಒಬ್ಬ 'ಲೈಫ್ ಕೋಚ್' ಹತ್ತಿರ ಕಳಿಸಿದರು. ಅವರು ಎರಡು ಗಂಟೆ ತಮ್ಮ ಕಥೆ ಹೇಳಿದರು, ಕನ್ನಡಿ ಮುಂದೆ ನಿಂತು ನಾನು ಧೈರ್ಯವಂತ ಅಂತ 21 ಸಲ ಹೇಳಿಕೊಳ್ಳಿ ಅಂದರು, 2,500 ರೂಪಾಯಿ ತಗೊಂಡರು. ಅವರು ಎಲ್ಲಿ ಓದಿದ್ದಾರೆ, ಏನು ಓದಿದ್ದಾರೆ ಅಂತ ಕೇಳಬೇಕು ಅನ್ನೋದೇ ನನಗೆ ಹೊಳೆದಿರಲಿಲ್ಲ. ಪ್ಲಂಬರ್ ಕರೆಸುವಾಗ ನಾಲ್ಕು ಜನರನ್ನು ವಿಚಾರಿಸುವವನು ನಾನು.

ದಾರಿ ಹುಡುಕಿದ್ದು ನನ್ನ ಹೆಂಡತಿ. ನವೆಂಬರ್‌ನ ಒಂದು ರಾತ್ರಿ, ಎರಡು ಗಂಟೆ ಇರಬೇಕು, ನಾನು ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ. ಅವಳು ಫೋನ್ ತಗೊಂಡು 14416ಕ್ಕೆ ಕರೆ ಮಾಡಿದಳು. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ ಅದು. ಆ ನಂಬರನ್ನು ಅವಳು ಸರ್ಕಾರಿ ಆಸ್ಪತ್ರೆಯ ಗೋಡೆ ಮೇಲೆ ನೋಡಿಕೊಂಡಿದ್ದಳಂತೆ. ಆ ಕಡೆಯಿಂದ ಒಬ್ಬ ಹುಡುಗಿ ಕನ್ನಡದಲ್ಲೇ ಮಾತಾಡಿದಳು. ಉಪದೇಶ ಮಾಡಲಿಲ್ಲ. ಹೃದಯದ ಟೆಸ್ಟ್ ಆಗಿದೆಯಾ, ಸಾಯಬೇಕು ಅನ್ನಿಸುತ್ತಿದೆಯಾ, ಕುಡಿಯುತ್ತಾರಾ, ಇಂಥವನ್ನೇ ನೇರವಾಗಿ ಕೇಳಿದಳು. ಆಮೇಲೆ ಎಲ್ಲೆಲ್ಲಿ ತೋರಿಸಬಹುದು ಅಂತ ಹೇಳಿದಳು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರ ಕ್ಲಿನಿಕ್ ನಡೆಯುತ್ತದೆ ಅಂತೆಲ್ಲ. ನಾನು ಫೋನ್ ಕಿತ್ತುಕೊಂಡು, "ನನಗೆ ಹುಚ್ಚಾ?" ಅಂದೆ. "ಇಲ್ಲ ಸರ್. ನಿಮಗೆ ತುಂಬಾ ಹೆದರಿಕೆ ಆಗ್ತಿದೆ, ಅಷ್ಟೇ" ಅಂದಳು. ಒಂಬತ್ತು ತಿಂಗಳಲ್ಲಿ ಆ ಮಾತು ಹೇಳಿದವರು ಅವಳೊಬ್ಬಳೇ.

ಅಣ್ಣನಿಗೆ ವಿಷಯ ಗೊತ್ತಾಯಿತು. "ನಿಮ್ಹಾನ್ಸ್‌ಗೆ ಹೋಗೋ ಅಂಥದ್ದು ಏನಾಗಿದೆಯೋ ನಿಂಗೆ?" ಅಂದ. ನಮ್ಮಲ್ಲಿ ನಿಮ್ಹಾನ್ಸ್ ಅನ್ನೋದು ಆಸ್ಪತ್ರೆಯ ಹೆಸರಿಗಿಂತ ಜಾಸ್ತಿ ಬೈಗುಳವಾಗಿ ಬಳಕೆಯಲ್ಲಿದೆ. ಕಾಲೇಜಿನಲ್ಲಿ ನಾನೂ ಎಷ್ಟು ಜನಕ್ಕೆ ಹಾಗೆ ಹೇಳಿ ನಕ್ಕಿದ್ದೇನೋ. ಹೊಸೂರು ರಸ್ತೆಯ ಆ ಗೇಟಿನೊಳಗೆ ಹೋಗುವವರಲ್ಲಿ ಫಿಟ್ಸ್ ಬರುವವರು, ಪಾರ್ಶ್ವವಾಯು ಆದವರು, ತಲೆಗೆ ಪೆಟ್ಟು ಬಿದ್ದವರೂ ಇರುತ್ತಾರೆ, ಆ ಹೆಸರಿನಲ್ಲೇ ನರವಿಜ್ಞಾನ ಇದೆ. ಅದನ್ನೆಲ್ಲ ಅಣ್ಣನಿಗೆ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ. ಅದೂ ಅಲ್ಲದೆ ಬೆಂಗಳೂರಿಗೆ ಹೋಗೋದೇ ನನ್ನ ಕಾಯಿಲೆ. ತುಮಕೂರಿನಲ್ಲೇ ಒಬ್ಬ ಮನೋವೈದ್ಯರಿಗೆ ತೋರಿಸಿದೆ.

ಅವರು ಅರ್ಧ ಗಂಟೆ ಕೇಳಿದರು. ಪ್ಯಾನಿಕ್ ಡಿಸಾರ್ಡರ್ ಅಂದರು, ಇದ್ದಕ್ಕಿದ್ದ ಹಾಗೆ ವಿಪರೀತ ದಿಗಿಲು ಮತ್ತೆ ಮತ್ತೆ ಬರುವ ಕಾಯಿಲೆ. ದಿನಕ್ಕೊಂದು ಮಾತ್ರೆ ಬರೆದು, "ಎರಡರಿಂದ ನಾಲ್ಕು ವಾರ ಬೇಕು ಕೆಲಸ ಶುರು ಮಾಡೋಕೆ. ಮೊದಲ ವಾರ ವಾಕರಿಕೆ ಬರಬಹುದು. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ" ಅಂದರು. ವಾಕರಿಕೆ ಬಂದೇ ಬಂತು. ಜೊತೆಗೆ ಒಂದು ಚೀಟಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಹೆಸರು ಕೊಟ್ಟರು. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡುವುದಿಲ್ಲ, ಥೆರಪಿ ಮಾಡುತ್ತಾರೆ. ಈ ವ್ಯತ್ಯಾಸ 42ನೇ ವಯಸ್ಸಿಗೆ ನನಗೆ ತಿಳಿಯಿತು.

ಥೆರಪಿ ಅಂದರೆ ಸೋಫಾ ಮೇಲೆ ಮಲಗಿ ಚಿಕ್ಕಂದಿನ ಕಥೆ ಹೇಳೋದು ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಸದ್ದು ಮಾಡುವ ಫ್ಯಾನ್. ಮೇಡಂಗೆ ನನಗಿಂತ ಎಂಟು ಹತ್ತು ವರ್ಷ ಕಡಿಮೆ ಇರಬೇಕು. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ, ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತೆ, ಅಂತ ಮೊದಲೇ ಹೇಳಿದರು. ಒಂದು ಸಲಕ್ಕೆ 1,200 ರೂಪಾಯಿ, 50 ನಿಮಿಷ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು. ಆದರೆ ನಮ್ಮ ಆಫೀಸಿನ ಪಾಲಿಸಿ ಯಾವುದೇ ಕಾಯಿಲೆಗಾದರೂ ಅಡ್ಮಿಟ್ ಆದರೆ ಮಾತ್ರ. ಹಾಗಾಗಿ ಎಲ್ಲ ಕೈಯಿಂದಲೇ.

"ಈಗ ಏನನ್ನಿಸ್ತಿದೆ?" ಅಂತ ಕೇಳಿದರು. "ಆಂಗ್ಸೈಟಿ" ಅಂದೆ. ಗೂಗಲ್‌ನಲ್ಲಿ ಓದಿಕೊಂಡು ಹೋಗಿದ್ದೆ. "ಅದು ಬೇಡ. ಮನೆಯಲ್ಲಿ ಅಮ್ಮನ ಹತ್ರ ಹೇಗೆ ಹೇಳ್ತೀರಿ?" ಅಂದರು. ಯೋಚನೆ ಮಾಡಿದೆ. ಬೇಜಾರು ಅಂತೀನಿ. ಆದರೆ ನಮಗೆ ಎಲ್ಲವೂ ಬೇಜಾರೇ. ಸಂಬಳ ತಡವಾದರೂ ಬೇಜಾರು, ಯಾರಾದರೂ ಸತ್ತರೂ ಬೇಜಾರು. ಆಮೇಲೆ ಒಂದೊಂದೇ ಪದ ಬಂತು. ದಿಗಿಲು. ತಳಮಳ. ಕೊನೆಗೆ ಸಂಕಟ ಅಂದೆ. "ಎಲ್ಲಿ ಸಂಕಟ?" ಅಂದರು. ನನ್ನ ಕೈ ತಾನಾಗಿ ಎದೆ ಮತ್ತು ಹೊಟ್ಟೆ ಸೇರುವ ಜಾಗಕ್ಕೆ ಹೋಯಿತು. ಹೊಟ್ಟೆ ತೊಳಸಿದರೂ ಸಂಕಟ ಅಂತೀವಿ, ಮನಸ್ಸು ನೊಂದರೂ ಸಂಕಟ ಅಂತೀವಿ. ನಮ್ಮ ಮಾತಿನಲ್ಲಿ ಎರಡೂ ಒಂದೇ ಜಾಗದಲ್ಲಿವೆ. ಮೇಷ್ಟ್ರು ಗ್ಯಾಸ್ಟ್ರಿಕ್ ಅಂದಿದ್ದು ಪೂರ್ತಿ ತಪ್ಪಲ್ಲ ಬಿಡಿ.

ಮೇಡಂ ಒಂದು ಹಾಳೆ ತಗೊಂಡು ವೃತ್ತ ಬರೆದರು. ಎದೆ ಜೋರಾಗಿ ಹೊಡೆದುಕೊಳ್ಳುತ್ತೆ. ಇದು ಹಾರ್ಟ್ ಅಟ್ಯಾಕ್ ಅಂತ ತಲೆ ಹೇಳುತ್ತೆ. ಹೆದರಿಕೆ ಆಗುತ್ತೆ. ಹೆದರಿದರೆ ಅಡ್ರಿನಲಿನ್ ಬಿಡುಗಡೆ ಆಗುತ್ತೆ. ಅದರಿಂದ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತೆ. "ಹುಲಿ ಬಂದರೆ ಓಡೋಕೆ ಇರೋ ವ್ಯವಸ್ಥೆ ಇದು. ಕೆಟ್ಟಿಲ್ಲ. ಹುಲಿ ಇಲ್ಲದಾಗ ಶುರುವಾಗ್ತಿದೆ" ಅಂದರು. ಈ ವೃತ್ತ 1986ರಲ್ಲಿ ಡೇವಿಡ್ ಕ್ಲಾರ್ಕ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಬರೆದ ಲೇಖನದ್ದು ಅಂತ ಆಮೇಲೆ ಓದಿದೆ. ನನಗೆ ಕೊಟ್ಟ ಥೆರಪಿಯ ಹೆಸರು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಟ್ಟಿದ್ದು. ಆದರೆ ಅವತ್ತು ಆ ಹಾಳೆಯನ್ನು ಸುಮ್ಮನೆ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡೆ, ನಂಬಲಿಲ್ಲ. ಚಿತ್ರ ಬರೆದರೆ ಎದೆನೋವು ಹೋಗುತ್ತಾ?

ನಂಬಿಕೆ ಬಂದಿದ್ದು ಮೂರನೇ ವಾರ.

ಅವತ್ತು ಮೇಡಂ ನನ್ನ ಹೃದಯದ ರಿಪೋರ್ಟ್‌ಗಳನ್ನು ಇನ್ನೊಮ್ಮೆ ನೋಡಿದರು. ಮುಂದೆ ಮಾಡಿಸಿದ್ದನ್ನು ಮಾಡಿಸಬಹುದಾ ಅಂತ ಮನೋವೈದ್ಯರ ಹತ್ತಿರ ಮೊದಲೇ ಕೇಳಿಕೊಂಡಿದ್ದರು. "ಆಕ್ಸಿಮೀಟರ್ ತಂದಿದ್ದೀರಾ?" ತಂದಿಲ್ಲದೆ ಇರುತ್ತೀನಾ. "ಬೆರಳಿಗೆ ಹಾಕ್ಕೊಳ್ಳಿ. ಈಗ ಒಂದು ನಿಮಿಷ ನಾವಿಬ್ಬರೂ ಜೋರಾಗಿ, ಬೇಗಬೇಗ ಉಸಿರಾಡೋಣ. ಬೇಡ ಅನ್ನಿಸಿದರೆ ಕೈ ಎತ್ತಿ." ಇಬ್ಬರೂ ಎದುರು ಬದುರು ಕೂತು ಓಡಿ ಬಂದ ನಾಯಿಗಳ ಹಾಗೆ ಏದುಸಿರು ಬಿಟ್ಟೆವು. ಇಪ್ಪತ್ತು ಸೆಕೆಂಡಿಗೆ ತಲೆ ಹಗುರಾಯಿತು. ನಲವತ್ತಕ್ಕೆ ಬೆರಳ ತುದಿ ಜುಮುಜುಮು. ಆಮೇಲೆ ತುಟಿಯ ಸುತ್ತ ಮರಗಟ್ಟಿತು. ಅದೇ. ಪಕ್ಕಾ ಅದೇ. ಔಟರ್‌ನಲ್ಲಿ ನಿಂತ ರೈಲು ಆ ಪ್ಲಾಸ್ಟಿಕ್ ಕುರ್ಚಿಗೇ ಬಂದು ನಿಂತಿತು.

"ಈಗ ಹೇಗಿದೆ?"

"ಉಸಿರು ಸಿಗ್ತಿಲ್ಲ ಮೇಡಂ."

"ಮೀಟರ್ ಓದಿ."

99.

ಇನ್ನೊಮ್ಮೆ ನೋಡಿದೆ. 99. ನಾಡಿ 118, ಆಕ್ಸಿಜನ್ 99. ಉಸಿರು ಸಾಲುತ್ತಿಲ್ಲ ಅಂತ ನಾನು ಒದ್ದಾಡುತ್ತಿದ್ದರೆ ಆ ಕೆಂಪು ಅಂಕಿ ಇನ್ನೆಷ್ಟು ಬೇಕು ಮಾರಾಯ ಅನ್ನುವ ಹಾಗೆ ಮಿನುಗುತ್ತಿತ್ತು. ಮೇಡಂ ಕೂಡ ಸುಧಾರಿಸಿಕೊಂಡು ಹೇಳಿದರು. ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗುತ್ತೆ, ಅದಕ್ಕೇ ಜುಮುಜುಮು, ಅದಕ್ಕೇ ತಲೆ ಸುತ್ತು, ಅದಕ್ಕೇ ಇನ್ನೂ ಉಸಿರು ಬೇಕು ಅನ್ನಿಸೋದು. ನನಗೆ ಉಸಿರು ಕಡಿಮೆಯಾಗಿರಲಿಲ್ಲ. ಜಾಸ್ತಿಯಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

"ಬಿದ್ದು ಹೋದರೆ?" ಅಂತ ಕೇಳಿದೆ. ಪ್ಯಾನಿಕ್ ಆದಾಗ ಬಿಪಿ ಏರುತ್ತೆ, ಜ್ಞಾನ ತಪ್ಪೋದು ಸಾಮಾನ್ಯವಾಗಿ ಬಿಪಿ ಇಳಿದಾಗ ಅಂದರು. "ಒಂಬತ್ತು ತಿಂಗಳಲ್ಲಿ ಎಷ್ಟು ಸಲ ಬಿದ್ದಿದ್ದೀರಿ?" ಒಂದು ಸಲವೂ ಇಲ್ಲ. ಇದನ್ನು ಬರೆಯಬೇಕು ಅಂದರು. ಹೋಂವರ್ಕ್. ಮನೆಯಲ್ಲಿ ಅರ್ಧ ಖಾಲಿಯಿದ್ದ ಒಂದು ಉದ್ದ ನೋಟ್‌ಬುಕ್ ಸಿಕ್ಕಿತು. ಗೆರೆ ಎಳೆದು ಮೂರು ಕಾಲಂ ಮಾಡಿದೆ. ಏನಾಗುತ್ತೆ ಅಂತ ಹೆದರಿದೆ, ನೂರಕ್ಕೆ ಎಷ್ಟು ಖಾತ್ರಿ ಇತ್ತು, ನಿಜವಾಗಿ ಏನಾಯಿತು. ಬರೆಯುತ್ತಾ ಹೋದ ಹಾಗೆ ಇದು ನಾನು ಪ್ರತಿ ತಿಂಗಳೂ ಆಫೀಸಿನಲ್ಲಿ ಮಾಡುವ ಕೆಲಸವೇ ಅನ್ನಿಸಿತು. ಒಂದು ಕಡೆ ಬಜೆಟ್, ಒಂದು ಕಡೆ ನಿಜವಾದ ಖರ್ಚು. 'ಲಿಫ್ಟ್‌ನಲ್ಲಿ ಸಾಯುತ್ತೇನೆ, 80. ಮೂರನೇ ಮಹಡಿ ತಲುಪಿದೆ.' 'ಕಟಿಂಗ್ ಶಾಪಿನಿಂದ ಎದ್ದು ಓಡುತ್ತೇನೆ, 90. ಕಟಿಂಗ್ ಆಯಿತು, ಕಿವಿ ಹತ್ತಿರ ಸ್ವಲ್ಪ ಜಾಸ್ತಿ ತೆಗೆದ.' ನಾಲ್ಕು ವಾರದ ಲೆಕ್ಕದಲ್ಲಿ ಒಂದು ಸಾಲೂ ತಾಳೆಯಾಗಲಿಲ್ಲ. ಇಷ್ಟು ತಪ್ಪು ಬಜೆಟ್ ಕೊಡುವ ಮ್ಯಾನೇಜರ್‌ನನ್ನು ಯಾವ ಕಂಪನಿಯೂ ಇಟ್ಟುಕೊಳ್ಳಲ್ಲ. ನಾನು ವರ್ಷದ ಹತ್ತಿರ ಅವನ ಮಾತು ಕೇಳಿಕೊಂಡಿದ್ದೆ.

ಐದನೇ ವಾರ ಮೇಡಂ ನೋಟ್‌ಬುಕ್ ನೋಡುತ್ತಾ ಹಿಂದಿನ ಪುಟಗಳಿಗೆ ಹೋದರು. ಅಲ್ಲಿ ಬೇರೆ ಲೆಕ್ಕ ಇತ್ತು. ಬೆಳಿಗ್ಗೆ 6: 94. 8: 93. 10: 91. ಪಕ್ಕದಲ್ಲಿ ಜ್ವರ. ನನ್ನದೇ ಅಕ್ಷರ. 2021ರ ಮೇ ತಿಂಗಳು.

"ಇದು ಯಾರದ್ದು?"

"ಅಪ್ಪಂದು."

ಐದು ವಾರದಲ್ಲಿ ಅಪ್ಪನ ವಿಷಯ ನಾನು ಎತ್ತಿರಲೇ ಇಲ್ಲ. ಅವರಿಗೂ ಇದಕ್ಕೂ ಏನು ಸಂಬಂಧ? ಎರಡನೇ ಅಲೆಯಲ್ಲಿ ಬೆಡ್‌ಗಾಗಿ ಒಂದೂವರೆ ದಿನ ಫೋನ್ ಮಾಡಿದ್ದು, ಎರಡೆರಡು ಗಂಟೆಗೆ ಅವರ ಬೆರಳು ಹಿಡಿದು ಮೀಟರ್ ಹಾಕಿ ಬರೆದಿದ್ದು, 87 ಬಂದಾಗ ಮೀಟರ್ ಸರಿಯಿಲ್ಲ ಅಂತ ಬ್ಯಾಟರಿ ಬದಲಾಯಿಸಿದ್ದು, ಎಲ್ಲ ಹೇಳಿದೆ. ಜೇಬಿನಲ್ಲಿದ್ದದ್ದು ಅದೇ ಮೀಟರ್. ಅವರು ನಡುವೆ ಬಾಯಿ ಹಾಕಲಿಲ್ಲ. ಸಮಾಧಾನ ಮಾಡಿಕೊಳ್ಳಿ ಅನ್ನಲಿಲ್ಲ. ನೀವು ಎಲ್ಲ ಮಾಡಿದ್ದೀರಿ ಅಂತಲೂ ಅನ್ನಲಿಲ್ಲ, ಅದನ್ನು ನೆಂಟರೆಲ್ಲ ಹೇಳಿದ್ದರು. 50 ನಿಮಿಷ ದಾಟಿ ಹೋಗಿತ್ತು. ಕೊನೆಗೆ, "ಅದನ್ನ ಇನ್ನು ಮೇಲೆ ಮನೆಯಲ್ಲಿ ಇಡಬಹುದಾ?" ಅಂತ ಮಾತ್ರ ಕೇಳಿದರು. ಅಮ್ಮನ ಬೀರುವಿನಲ್ಲಿ ಅಪ್ಪನ ಕನ್ನಡಕದ ಪಕ್ಕ ಇಟ್ಟೆ. ಅಮ್ಮ ಯಾಕೆ ಅಂತ ಕೇಳಲಿಲ್ಲ.

ಮೀಟರ್ ಒಂದೇ ಅಲ್ಲ. ನನ್ನ ಹತ್ತಿರ ಒಂದು ದೊಡ್ಡ ಸರಂಜಾಮೇ ಇತ್ತು. ನೀರಿನ ಬಾಟಲ್, ಜೇಬಿನಲ್ಲಿ ಯಾರೋ ಹೇಳಿದ ಹಾರ್ಟ್ ಮಾತ್ರೆ, ಬಾಗಿಲ ಹತ್ತಿರವೇ ನಿಲ್ಲುವುದು, ಹೆಂಡತಿಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳುವುದು. "ಇವೆಲ್ಲ ನಿಮ್ಮನ್ನ ಕಾಪಾಡಿದವು ಅಂತ ನೀವು ಅಂದ್ಕೊಂಡಿದ್ದೀರಿ. ಇವಿಲ್ಲದೆ ಇದ್ದರೂ ಏನೂ ಆಗ್ತಿರಲಿಲ್ಲ ಅಂತ ಗೊತ್ತಾಗೋಕೆ ಅವಕಾಶವೇ ಕೊಟ್ಟಿಲ್ಲ" ಅಂದರು ಮೇಡಂ. ಇಡೀ ಥೆರಪಿಯಲ್ಲಿ ನನಗೆ ಅತಿ ಕಹಿಯಾದ ಮಾತು ಇದೇ. ನಾನು ಜಾಣತನ ಅಂದುಕೊಂಡು ಮಾಡಿದ ಒಂದೊಂದೂ ಹೆದರಿಕೆಗೆ ಗೊಬ್ಬರ ಹಾಕಿತ್ತು.

ಆಮೇಲೆ ಏಣಿ ಮಾಡಿದೆವು. ಸುಲಭದ್ದು ಕೆಳಗೆ, ಕಷ್ಟದ್ದು ಮೇಲೆ. ಪುಸ್ತಕದಲ್ಲಿ ಹತ್ತು ಮೆಟ್ಟಿಲು ಅಂತ ಇರುತ್ತಂತೆ. ನನಗೆ ರೈಲ್ವೆಯವರು ಆಗಲೇ ಮಾಡಿಟ್ಟಿದ್ದರು. ತುಮಕೂರು ಪ್ಲಾಟ್‌ಫಾರಂ. ಕ್ಯಾತ್ಸಂದ್ರ. ಹಿರೇಹಳ್ಳಿ. ದಾಬಸ್‌ಪೇಟೆ. ದೊಡ್ಡಬೆಲೆ. ಸೋಲದೇವನಹಳ್ಳಿ. ಚಿಕ್ಕಬಾಣಾವರ. ಯಶವಂತಪುರ.

ಮೊದಲ ಹೋಂವರ್ಕ್: ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಹತ್ತಿ ಕ್ಯಾತ್ಸಂದ್ರದಲ್ಲಿ ಇಳಿಯುವುದು, ತಟ್ಟೆ ಇಡ್ಲಿ ತಿಂದು ವಾಪಸ್ ಬರುವುದು. ಬಾಟಲ್ ಇಲ್ಲ, ಮೀಟರ್ ಇಲ್ಲ, ಫೋನ್ ಮಾಡುವ ಹಾಗಿಲ್ಲ.

ಅಮ್ಮ ಕೇಳಿದರು. "ಆಯಮ್ಮ ಏನ್ ಹೇಳಿದ್ಲಪ್ಪ?"

"ರೈಲಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ಇಡ್ಲಿ ತಿಂದ್ಕೊಂಡು ಬಾ ಅಂದ್ರು."

"ಅದನ್ನ ಹೇಳೋಕೆ ಸಾವಿರದಿನ್ನೂರು ರೂಪಾಯಾ?"

ಟಿಕೆಟ್ ಕೌಂಟರ್‌ನಲ್ಲಿ ಕ್ಯಾತ್ಸಂದ್ರ ಒಂದು ಅಂದಾಗ ಒಳಗಿದ್ದವರು ತಲೆಯೆತ್ತಿ ನೋಡಿದರು. ಆಟೋದಲ್ಲಿ ಹೋಗುವ ದೂರ. ರೈಲು ಹೊರಟ ತಕ್ಷಣ ಎದೆ ಶುರು ಮಾಡಿಕೊಂಡಿತು. ಮೇಡಂ ಹೇಳಿದ್ದು ನೆನಪಿತ್ತು: ಅದನ್ನ ತಡೀಬೇಡಿ, ಓಡಿಸಬೇಡಿ, ಬರಲಿ ಬಿಡಿ, ಹೆದರಿಕೆ ನೂರಕ್ಕೆ ಎಷ್ಟಿದೆ ಅಂತ ನಂಬರ್ ಹಾಕಿ ಸಾಕು. 70. 80. ಕಿಟಕಿಯಾಚೆ ತೆಂಗಿನ ತೋಟ ಹೋಗುತ್ತಿತ್ತು. 80. ಎದುರಿಗೆ ಕೂತ ಅಜ್ಜಿ ಕಡ್ಲೆಕಾಯಿ ಸುಲಿಯುತ್ತಿದ್ದಳು, ಸಿಪ್ಪೆ ನನ್ನ ಚಪ್ಪಲಿ ಮೇಲೆ ಬೀಳುತ್ತಿತ್ತು. 60. ಕ್ಯಾತ್ಸಂದ್ರ ಬಂತು. ಇಡ್ಲಿ ಮೇಲೆ ಬೆಣ್ಣೆ ಕರಗುವವರೆಗೂ ಕೈ ನಡುಗುತ್ತಿತ್ತು. ಎರಡು ತಿಂದೆ. ಉದ್ದಿನ ವಡೆಯನ್ನೂ ತಗೊಂಡೆ. ಒಂಬತ್ತು ತಿಂಗಳಾದ ಮೇಲೆ.

ಅದನ್ನೇ ಆ ವಾರ ಐದು ಸಲ ಮಾಡಿದೆ. ಐದನೇ ಸಲ ಬೋರ್ ಆಯಿತು. ಬೋರ್ ಆಗೋದು ಒಳ್ಳೆಯ ಲಕ್ಷಣ, ಮುಂದಿನ ಸ್ಟೇಷನ್‌ಗೆ ಹೋಗಿ ಅಂದರು. ಹಿರೇಹಳ್ಳಿಯಿಂದ ಸೋಲದೇವನಹಳ್ಳಿವರೆಗೆ ವಿಶೇಷ ಏನೂ ಇಲ್ಲ, ಆರು ವಾರ ಹಿಡಿಯಿತು. ದಾಬಸ್‌ಪೇಟೆಯಲ್ಲಿ ವಾಪಸ್ ರೈಲಿಗೆ ಕಾಯುತ್ತಾ ಶಿವಗಂಗೆ ಬೆಟ್ಟ ನೋಡುತ್ತಾ ಕೂತಿದ್ದೇ ಜಾಸ್ತಿ.

ಚಿಕ್ಕಬಾಣಾವರದಲ್ಲಿ ಎಡವಿದೆ. ಅವತ್ತು ಯಶವಂತಪುರಕ್ಕೇ ಹೋಗಿಬಿಡೋಣ ಅಂತ ಹೊರಟಿದ್ದೆ. ರೈಲು ಚಿಕ್ಕಬಾಣಾವರದಲ್ಲಿ ನಿಂತಿತು, ಹೊರಡಲೇ ಇಲ್ಲ. 95 ಆಯಿತು. ನೂಕಿಕೊಂಡು ಇಳಿದುಬಿಟ್ಟೆ. ನಾನು ಇಳಿದ ಎರಡು ನಿಮಿಷಕ್ಕೆ ರೈಲು ಹೊರಟಿತು. ಆಟೋದಲ್ಲಿ ಕೂತು ಎಲ್ಲ ಮುಗಿಯಿತು, ದುಡ್ಡೆಲ್ಲ ನೀರುಪಾಲು ಅಂದುಕೊಂಡೆ. ಮೇಡಂ ಬೈಯುತ್ತಾರೆ ಅಂತ ಆ ವಾರದ ಅಪಾಯಿಂಟ್‌ಮೆಂಟ್ ಬೇಡ ಅನ್ನೋಣ ಅನ್ನಿಸಿತ್ತು. ಅವರು ಕೇಳಿದ್ದು ಒಂದೇ.

"ಇಳಿದ ಮೇಲೆ ಎಷ್ಟು ಹೊತ್ತಿಗೆ ಕಡಿಮೆ ಆಯ್ತು?"

"ತಕ್ಷಣ."

"ನೋಡಿ, ಇಳಿದಿದ್ದಕ್ಕೇ ಬದುಕಿದೆ ಅಂತ ತಲೆ ಬರ್ಕೊಂಡಿರುತ್ತೆ. ಅದನ್ನ ಅಳಿಸೋಕೆ ನಾಳೆನೇ ಹೋಗಬೇಕು. ನಾಡಿದ್ದಲ್ಲ."

ಮರುದಿನವೇ ಹೋದೆ. ನಮ್ಮ ಹಳೆಯ ಬೋಗಿಯನ್ನೇ ಹತ್ತಿದೆ. ಮೇಷ್ಟ್ರು ಏನೂ ಕೇಳದೆ ಸರಿದು ಜಾಗ ಕೊಟ್ಟರು, ಎಲೆ ಹಂಚುವಾಗ ನನ್ನನ್ನೂ ಸೇರಿಸಿಕೊಂಡರು. ಚಿಕ್ಕಬಾಣಾವರ ದಾಟಿತು. ಔಟರ್‌ನಲ್ಲಿ ರೈಲು ನಿಂತಿತು. ನಿಲ್ಲದೆ ಇರುತ್ತಾ? ಎದೆ, ಅಂಗೈ, ಬೆರಳ ತುದಿ, ಎಲ್ಲ ಸಾಲಾಗಿ ಬಂದವು, ಹಳೆಯ ಪರಿಚಯದವರ ಹಾಗೆ. 90. ಕೈಯಲ್ಲಿದ್ದ ಎಲೆಗಳು ನಡುಗುತ್ತಿದ್ದವು. ಎದ್ದು ಬಾಗಿಲಿಗೆ ಹೋಗಬೇಕು ಅನ್ನಿಸಿತು, ಕೂತೆ. ಈ ಬೋಗಿಯಲ್ಲಿ ಇನ್ನೂ ಯಾರ್ಯಾರಿಗೆ ಹೀಗಾಗುತ್ತಿರಬಹುದು ಅಂತ ತಲೆ ಎಣಿಸಿದೆ. ನಿಮ್ಹಾನ್ಸ್‌ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ 10.6 ಜನಕ್ಕೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು ಅಂತ ಮೇಡಂ ಹೇಳಿದ್ದರು. ಕಣ್ಣಿಗೆ ಕಂಡಷ್ಟು ಜನ ಅರವತ್ತು. ಹಾಗಿದ್ದರೆ ಆರು. ಕಿಟಕಿ ಪಕ್ಕ ಕಣ್ಣು ಮುಚ್ಚಿ ಕೂತವರಾ? ಇಯರ್‌ಫೋನ್ ಹುಡುಗನಾ? "ಏಯ್, ಎಲೆ ಹಾಕಯ್ಯ" ಅಂದರು ಮೇಷ್ಟ್ರು. ಹಾಕಿದೆ. ತಪ್ಪು ಎಲೆ. ಬೈದರು. ನೋಡಿದರೆ 50ಕ್ಕೆ ಇಳಿದಿತ್ತು. ರೈಲು ಇನ್ನೂ ಅಲ್ಲೇ ನಿಂತಿತ್ತು.

ಒಟ್ಟು 16 ಸಲ ಹೋದೆ. ಮಾತ್ರೆಯನ್ನು ಒಂದು ವರ್ಷದ ಹತ್ತಿರ ತಗೊಂಡು, ಆಮೇಲೆ ಮನೋವೈದ್ಯರೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ನಿಲ್ಲಿಸಿದರು. ಆಮೇಲೂ ಎರಡು ಸಲ ಬಂದಿದೆ, ಒಮ್ಮೆ ಮದುವೆ ಛತ್ರದ ಊಟದ ಸಾಲಿನಲ್ಲಿ. ಬಂತು, ಹೋಯಿತು, ಪಾಯಸ ಬರುವ ಹೊತ್ತಿಗೆ ಸರಿಯಾಗಿದ್ದೆ. ಆಫೀಸಿನಲ್ಲಿ ಇವತ್ತಿಗೂ ಗ್ಯಾಸ್ಟ್ರಿಕ್ ಅಂತಲೇ ಹೇಳಿದ್ದೇನೆ. ಅದು ಇನ್ನೊಂದು ಏಣಿ, ಹತ್ತಿಲ್ಲ.

ಮೊನ್ನೆ ಆ ನೋಟ್‌ಬುಕ್ ಹುಡುಕಿದೆ. ಅಡುಗೆಮನೆಯಲ್ಲಿ ಫ್ರಿಜ್ ಮೇಲೆ ಇತ್ತು. ಮೊದಲಿಗೆ ಅಪ್ಪನ ಪುಟಗಳು, ಆಮೇಲೆ ನನ್ನ ಮೂರು ಕಾಲಂಗಳು. ಅದಾದ ಮೇಲೆ ನಾನು ಖಾಲಿ ಬಿಟ್ಟಿದ್ದ ಪುಟದಲ್ಲಿ, ನಾನೇ ಎಳೆದಿದ್ದ ಗೆರೆಗಳ ನಡುವೆ, ಹೆಂಡತಿಯ ಅಕ್ಷರ: ಹಾಲು 1 ಲೀಟರ್, ಮೊಸರು ಅರ್ಧ, ಸೋಮವಾರ ಹಾಲು ಒಡೆದಿತ್ತು, ದುಡ್ಡು ಮುರಿಯಬೇಕು.